ಫಿನ್ಲೆಂಡಿನ ಎಂ/39 ಬಂದೂಕಿನ ಮುದ್ರೆಗಳನ್ನು ಉಜ್ಜಿ ಅಳಿಸಿದ ಬಗ್ಗೆ ದೂರು

ಹ್ಯಾಂಕಾಕ್, ಮಿಷಿಗನ್

ಇವರಿಗೆ,
ವ್ಯವಸ್ಥಾಪಕರು,
ಹಳೆಯ ಬಂದೂಕುಗಳ ದುರಸ್ತಿ ಮತ್ತು ಮೌಲ್ಯನಿರ್ಣಯ ವಿಭಾಗ

ವಿಷಯ: ಒಪ್ಪಿಗೆಯಿಲ್ಲದೆ ಹೊಳಪು ಕೊಟ್ಟದ್ದು, ಬಿಡಿಭಾಗ ಕಳೆದದ್ದು ಮತ್ತು ತಪ್ಪು ಪ್ರಮಾಣಪತ್ರ ಕೊಟ್ಟದ್ದು

ಮಾನ್ಯರೇ,

ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡಿದಾಗ ತಾವು ಹಾಸನದ ಕಡೆಯವರೆಂದು ತಿಳಿಯಿತು. "ಏನಿದ್ದರೂ ಬರೆದು ಕಳುಹಿಸಿ, ಕನ್ನಡದಲ್ಲೇ ಬರೆಯಿರಿ, ನಾನೇ ಓದುತ್ತೇನೆ" ಎಂದಿರಿ. ಆ ಮಾತನ್ನು ನಂಬಿ ಬರೆಯುತ್ತಿದ್ದೇನೆ. ದಯವಿಟ್ಟು ಇದನ್ನು ಗ್ರಾಹಕ ಸೇವೆಯ ಮೇಜಿಗೆ ದಾಟಿಸದೆ ತಾವೇ ಪೂರ್ತಿ ಓದಬೇಕು.

ನಾನು ಕಳುಹಿಸಿದ್ದು ಫಿನ್ಲೆಂಡ್ ಸೈನ್ಯದ ಎಂ/39 ಬಂದೂಕು, ರಷ್ಯಾದ ಮೋಸಿನ್ ಬಂದೂಕಿನ ಫಿನ್ಲೆಂಡ್ ರೂಪ. ಕೇಳಿದ್ದು ಎರಡೇ ಕೆಲಸ. ತೋಟಾವನ್ನು ಒಳತಳ್ಳುವ ಬೋಲ್ಟಿನೊಳಗೆ ಗಟ್ಟಿಕಟ್ಟಿದ್ದ ಹಳೆಯ ಗ್ರೀಸು ತೆಗೆಯಬೇಕಿತ್ತು, ನಳಿಗೆಯ ಮೇಲೆ ಅಲುಗಾಡುತ್ತಿದ್ದ ಮರದ ಹೊದಿಕೆಯನ್ನು ಬಿಗಿ ಮಾಡಬೇಕಿತ್ತು. ಜೊತೆಗೆ, ತಮ್ಮ ಸಂಸ್ಥೆಯೇ ಜಾಹೀರಾತು ಕೊಡುವಂತೆ, ಬಂದೂಕಿನ ಗುರುತು ಪತ್ತೆ ಮಾಡಿದ ಒಂದು ಪ್ರಮಾಣಪತ್ರ. ಕೆಲಸದ ಚೀಟಿಯ ಮೇಲೆ "ಮರಕ್ಕಾಗಲಿ ಲೋಹಕ್ಕಾಗಲಿ ಹೊಳಪು ಕೊಡಬಾರದು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ. ಅದರ ಪ್ರತಿ ಲಗತ್ತಿಸಿದ್ದೇನೆ.

ಆರು ವಾರಗಳ ಬಳಿಕ ಪೆಟ್ಟಿಗೆ ಬಂತು. ತೆರೆದ ಕೂಡಲೇ ಮೂಗಿಗೆ ಬಡಿದದ್ದು ವಾರ್ನಿಷ್ ವಾಸನೆ. ಈ ಬಂದೂಕಿನ ಬರ್ಚ್ ಮರದ ಹಿಡಿಗೆ ಮೊದಲು ನಮ್ಮೂರ ಎತ್ತಿನ ಗಾಡಿಯ ಕೀಲೆಣ್ಣೆಯಂಥ ಕಮಟು ವಾಸನೆಯಿತ್ತು; ಫಿನ್ಲೆಂಡಿನವರು ಬಳಸುತ್ತಿದ್ದ ಪೈನ್ ಮರದ ಟಾರಿನ ವಾಸನೆ ಅದು. ಎಂಬತ್ತು ವರ್ಷ ಉಳಿದಿದ್ದ ಆ ವಾಸನೆಯನ್ನು ತಮ್ಮ ಕಾರ್ಯಾಗಾರ ಮರಳು ಕಾಗದ ಹಿಡಿದು ಉಜ್ಜಿ ತೆಗೆದಿದೆ. ಹಿಡಿಯ ಬಲಬದಿಯಲ್ಲಿ ಯಾರೋ ಸೈನಿಕ ಚಾಕುವಿನ ತುದಿಯಿಂದ ಕೊರೆದಿದ್ದ ಎರಡು ಅಕ್ಷರಗಳಿದ್ದವು, ಕೆಳಗೆ 1944 ಎಂದಿತ್ತು. ಈಗ ಅಲ್ಲಿ ಬೆರಳಾಡಿಸಿದರೆ ನುಣುಪು, ಅಷ್ಟೇ. ಆ ಸೈನಿಕ ಯಾರೆಂದು ನನಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ಆದರೆ ಅವನು ಅಲ್ಲಿದ್ದ.

ಫಿನ್ಲೆಂಡಿನ ಮೋಸಿನ್ ಬಂದೂಕುಗಳಲ್ಲಿ ಮುದ್ರೆಗೆ ಏಕಿಷ್ಟು ಬೆಲೆ ಎಂಬುದನ್ನು ತಮ್ಮ ಕೆಲಸಗಾರರಿಗೆ ಯಾರೂ ಹೇಳಿಕೊಟ್ಟಂತಿಲ್ಲ. 1917ರ ಡಿಸೆಂಬರಿನಲ್ಲಿ ಸ್ವತಂತ್ರವಾದ ಆ ದೇಶ ಈ ಬಂದೂಕಿನ ರಿಸೀವರನ್ನು, ಅಂದರೆ ನಳಿಗೆಯೂ ಬೋಲ್ಟೂ ಕೂಡುವ ನಡುವಿನ ಲೋಹದ ಭಾಗವನ್ನು, ತಾನೇ ತಯಾರಿಸಲಿಲ್ಲ. ರಷ್ಯಾದ ಚಕ್ರವರ್ತಿಗಳ ಕಾಲದಲ್ಲಿ ತೂಲಾ, ಇಝೆವ್‌ಸ್ಕ್, ಸೆಸ್ತ್ರೊರೆತ್ಸ್ಕ್ ಕಾರ್ಖಾನೆಗಳಲ್ಲಿ ಆದ ರಿಸೀವರುಗಳನ್ನೂ, ಮೊದಲ ಮಹಾಯುದ್ಧದಲ್ಲಿ ರಷ್ಯಾಕ್ಕಾಗಿ ಅಮೆರಿಕದಲ್ಲಿ ತಯಾರಾದವುಗಳನ್ನೂ ಆರಿಸಿ ತೆಗೆದು, ಅವುಗಳಿಗೆ ಹೊಸ ನಳಿಗೆ, ಹೊಸ ಹಿಡಿ, ಹೊಸ ಗುರಿಪಟ್ಟಿ ಕೂಡಿಸಿ ತನ್ನದೇ ಬಂದೂಕು ಮಾಡಿಕೊಂಡಿತು. ಹೀಗೆ ಆದ ಎಂ/39ಗಳು ಸುಮಾರು ಒಂದು ಲಕ್ಷ. ಆ ದೇಶದ ಅಧ್ಯಕ್ಷರಾಗಿದ್ದ ಸ್ವಿನ್‌ಹುಫ್‌ವುದ್ ಅವರ ಅಡ್ಡಹೆಸರಿನಿಂದಲೇ ಅದನ್ನು "ಉಕ್ಕೊ-ಪೆಕ್ಕ" ಎಂದು ಕರೆದರು. ಒಂದು ಬಂದೂಕಿನ ತುಂಡುಗಳು ಬೇರೆ ಬೇರೆ ದಶಕದಲ್ಲಿ, ಬೇರೆ ಬೇರೆ ದೇಶದಲ್ಲಿ ಹುಟ್ಟಿರುವಾಗ ಅದು ಏನೆಂದು ಹೇಳುವುದು ಅದರ ಮೈಮೇಲಿನ ಮುದ್ರೆ ಮಾತ್ರ. ಅದನ್ನೇ ತಾವು ಅಳಿಸಿದಿರಿ.

ನನ್ನ ಬಂದೂಕಿನ ನಳಿಗೆಯ ಬುಡದಲ್ಲಿ ಯುವಾಸ್ಕ್ಯುಲಾದ ಸರ್ಕಾರಿ ಬಂದೂಕು ಕಾರ್ಖಾನೆಯ ವಿಕೆಟಿ ಮುದ್ರೆ, 1942ನೇ ಇಸವಿ ಮತ್ತು ಸರಣಿ ಸಂಖ್ಯೆ ಇದ್ದವು. ಪಕ್ಕದಲ್ಲಿ ಚೌಕಟ್ಟಿನೊಳಗೆ ಎಸ್‌ಎ ಎಂಬ ಎರಡು ಅಕ್ಷರ, ಒಂದು ಡಿ. ಇಸವಿ ಮತ್ತು ಸಂಖ್ಯೆ ಈಗ ಬೆಳಕಿಗೆ ಓರೆ ಹಿಡಿದರೆ ಕಾಣುತ್ತವೆ. ಎಸ್‌ಎ ಮತ್ತು ಡಿ ಹೋಗಿವೆ. ಕೇಳಿದಾಗ ತಮ್ಮ ತಂತ್ರಜ್ಞರು ಕೊಟ್ಟ ಉತ್ತರ ನನ್ನನ್ನು ಇನ್ನೂ ಕಾಡುತ್ತಿದೆ: "ಅದು ಹಿಟ್ಲರನ ಪಡೆಯ ಗುರುತು ಸಾರ್, ಗ್ರಾಹಕರಿಗೆ ಮುಜುಗರವಾಗಬಾರದೆಂದು ತೆಗೆದೆವು." ಆ ಎರಡು ಅಕ್ಷರ "ಸುಓಮೆನ್ ಆರ್ಮೆಯಿಯ" ಎಂಬುದರ ಮೊದಲಕ್ಷರಗಳು. ಅರ್ಥ ಫಿನ್ಲೆಂಡಿನ ಸೈನ್ಯ. ಇದು ಸೈನ್ಯದ ಸ್ವತ್ತು ಎಂದು ಹೇಳುವ ಮುದ್ರೆ ಅದು; ಈ ಬಂದೂಕುಗಳನ್ನು ಸಂಗ್ರಹಿಸಲು ಹೊರಟವನು ಮೊದಲ ದಿನ ಕಲಿಯುವ ಪಾಠವೂ ಅದೇ. ಡಿ ಎಂದರೆ, ಡಿ166 ಎಂಬ 13 ಗ್ರಾಂ ತೂಕದ ಗುಂಡಿನ ತೋಟಾಕ್ಕೆ ಹೊಂದುವಂತೆ ನಳಿಗೆಯ ಕೋಣೆಯನ್ನು ಸಿದ್ಧಪಡಿಸಿದ್ದಾರೆ ಎಂಬ ಸೂಚನೆ. ಗೊತ್ತಿಲ್ಲದಿದ್ದರೆ ಒಂದು ಕರೆ ಮಾಡಿ ಕೇಳಬಹುದಿತ್ತು. ಗೊತ್ತಿಲ್ಲದ ಅಕ್ಷರವನ್ನು ಉಜ್ಜಿ ತೆಗೆಯುವುದು ಯಾವ ಬಗೆಯ ದುರಸ್ತಿ?

ಮರದ ಕೆಲಸವೂ ಇದೇ ರೀತಿಯದು. ಎಂ/39ರ ಹಿಡಿ ಒಂದೇ ತುಂಡಲ್ಲ. ಎರಡು ತುಂಡುಗಳ ಅಂಚನ್ನು, ಎರಡು ಕೈಗಳ ಬೆರಳು ಹೆಣೆದ ಹಾಗೆ, ಒಂದರೊಳಗೊಂದು ಕೂರಿಸಿ ಅಂಟಿಸಿರುತ್ತಾರೆ. ಫಿನ್ಲೆಂಡಿನ ಹಿಡಿಯನ್ನು ದೂರದಿಂದಲೇ ಗುರುತಿಸಲು ಅದು ಸಾಕು. ತಮ್ಮ ಬಿಲ್ಲಿನಲ್ಲಿ ಅದಕ್ಕೆ "ಬಿರುಕು ಮುಚ್ಚಿದ್ದು, 85 ಡಾಲರ್" ಎಂದಿದೆ. ಬಿರುಕು ಹಲ್ಲುಹಲ್ಲಾಗಿ, ಅಳತೆ ಹಿಡಿದಂತೆ ಬೀಳುತ್ತದೆಯೇ? ಆ ಕೂಡುಗೆರೆಯ ತುಂಬ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದಾರೆ.

ರಿಸೀವರಿಗೂ ಮರಕ್ಕೂ ನಡುವೆ ಇದ್ದ ತೆಳು ಲೋಹದ ಹಾಳೆಗಳು ಮರಳಿ ಬಂದಿಲ್ಲ. ಅವು ಕಸವಲ್ಲ. ಗುಂಡು ಹಾರಿದಾಗ ರಿಸೀವರ್ ಕದಲದಂತೆ, ಪ್ರತಿ ಬಂದೂಕಿಗೂ ಬೇಕಾದಷ್ಟೇ ದಪ್ಪಕ್ಕೆ ಫಿನ್ಲೆಂಡಿನ ಕುಶಲಕರ್ಮಿಗಳು ಕೂರಿಸುತ್ತಿದ್ದ ಹಾಳೆಗಳವು. ನನ್ನದರಲ್ಲಿ ಮೂರಿದ್ದವು. ಕಳುಹಿಸುವ ಮುನ್ನ ನಾನೇ ಬಿಚ್ಚಿ ನೋಡಿ ಎಣಿಸಿದ್ದೆ.

ಇನ್ನು ಪ್ರಮಾಣಪತ್ರ. "1942ರಲ್ಲಿ ರಷ್ಯಾದಲ್ಲಿ ತಯಾರಾದ, ಚಳಿಗಾಲದ ಯುದ್ಧದಲ್ಲಿ ಬಳಕೆಯಾದ ಬಂದೂಕು" ಎಂಬ ಒಂದೇ ವಾಕ್ಯಕ್ಕೆ 120 ಡಾಲರ್ ಪಡೆದಿದ್ದೀರಿ. ಫಿನ್ಲೆಂಡಿಗೂ ಸೋವಿಯತ್ ಒಕ್ಕೂಟಕ್ಕೂ ನಡೆದ ಚಳಿಗಾಲದ ಯುದ್ಧ ಆರಂಭವಾದದ್ದು 1939ರ ನವೆಂಬರ್ 30ರಂದು, ಮುಗಿದದ್ದು 1940ರ ಮಾರ್ಚ್ 13ರಂದು. 1942ರ ನಳಿಗೆ ಅದರಲ್ಲಿ ಗುಂಡು ಹಾರಿಸಿದ್ದಾದರೂ ಹೇಗೆ? ನಳಿಗೆ ರಷ್ಯಾದ್ದಲ್ಲ, ಫಿನ್ಲೆಂಡಿನದು. ರಷ್ಯಾದ್ದಾದ ರಿಸೀವರ್ 1942ರದಲ್ಲ. ಅದರ ಹಿಂಬಾಲದ ಅಡಿಯಲ್ಲಿ, ಹಿಡಿಯಿಂದ ಬಿಚ್ಚಿದರೆ ಮಾತ್ರ ಕಾಣುವ ಜಾಗದಲ್ಲಿ, 1896 ಎಂದಿದೆ. ತಮ್ಮವರು ಮರಳು ಕಾಗದ ಹಾಕಲು ಬಂದೂಕನ್ನು ಬಿಚ್ಚಿದ್ದಾರೆ; ಆ ಇಸವಿ ಅವರ ಕಣ್ಣೆದುರೇ ಇತ್ತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ 1898ರವರೆಗಿನ ರಿಸೀವರ್ ಉಳ್ಳದ್ದು ಪುರಾತನ ವಸ್ತುವೆನಿಸುತ್ತದೆ. ಅಂದರೆ ಈ ತಪ್ಪು ಇತಿಹಾಸದ್ದಷ್ಟೇ ಅಲ್ಲ, ಕಾಗದಪತ್ರದ್ದೂ ಹೌದು. ನಾಳೆ ಯಾರಾದರೂ ತಮ್ಮ ಪ್ರಮಾಣಪತ್ರವನ್ನೇ ನಂಬಿದರೆ ತೊಂದರೆ ನನಗೆ.

ನಾನು ಕೊಡಗಿನಲ್ಲಿ ಬೆಳೆದವನು. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಲದ ಹಿರಿಮನೆಯಲ್ಲಿ, ಕೋವಿಗಳನ್ನು ಸಾಲಾಗಿಟ್ಟು, ಅವುಗಳ ಮೂತಿಗೆ ತೋಕ್ ಪೂ ಎಂಬ ಕೋವಿಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ಅಜ್ಜ ಕೋವಿಗೆ ಎಣ್ಣೆ ಹಚ್ಚುತ್ತಿದ್ದರೇ ಹೊರತು ಅದರ ಮೇಲಿನ ಒಂದು ಗೀರನ್ನೂ ತೆಗೆಯಲು ಬಿಡುತ್ತಿರಲಿಲ್ಲ. ಹದಿನೈದು ವರ್ಷಗಳ ಹಿಂದೆ ಕೆಲಸಕ್ಕೆಂದು ಬಂದ ಈ ಊರಿನಲ್ಲಿ ಫಿನ್ಲೆಂಡ್ ಮೂಲದ ಮನೆತನಗಳು ಬಹಳ. ನೆರೆಮನೆಯ ವೃದ್ಧರೊಬ್ಬರು ಈ ಬಂದೂಕನ್ನು ನನಗೆ ಮಾರುವಾಗ ಕೇಳಿದ್ದು ಒಂದೇ ಮಾತು, ಇದ್ದ ಹಾಗೆಯೇ ಇಟ್ಟುಕೊಳ್ಳಬೇಕು ಎಂದು. ಒಪ್ಪಿದ್ದೆ. ಪೆಟ್ಟಿಗೆ ಬಂದ ಮೇಲೆ ಅವರ ಮನೆಯ ಕಡೆ ಹೋಗಿಲ್ಲ.

"ಈಗ ಹೊಸದರಂತೆ ಹೊಳೆಯುತ್ತಿದೆ, ಬೆಲೆ ಏರುತ್ತದೆ" ಎಂದು ತಮ್ಮ ಕಚೇರಿಯವರು ಸಮಾಧಾನ ಹೇಳಿದರು. ಸಂಗ್ರಾಹಕರ ನಡುವೆ ಉಜ್ಜಿದ ಬಂದೂಕಿನ ಬೆಲೆ ಬೀಳುತ್ತದೆ. ಮೌಲ್ಯನಿರ್ಣಯ ಮಾಡುವ ಸಂಸ್ಥೆಗೆ ಇದನ್ನು ನಾನು ಹೇಳಬೇಕಾಗಿ ಬಂದದ್ದೇ ಬೇಸರ. ಮುಂದಿನ ಖರೀದಿಗೆ ಶೇಕಡಾ 20 ರಿಯಾಯಿತಿ ಎಂದು ಕಳುಹಿಸಿದ ಕೂಪನ್ನನ್ನು ಇದರೊಂದಿಗೆ ಹಿಂತಿರುಗಿಸುತ್ತಿದ್ದೇನೆ.

ದುರಸ್ತಿಗೆ ಮತ್ತು ಪ್ರಮಾಣಪತ್ರಕ್ಕೆ ಪಡೆದ ಹಣ ಪೂರ್ತಿ ಮರಳಬೇಕು. ಪ್ರಮಾಣಪತ್ರವನ್ನು ತಮ್ಮ ದಾಖಲೆಯಿಂದಲೂ ರದ್ದು ಮಾಡಿ ಲಿಖಿತವಾಗಿ ತಿಳಿಸಬೇಕು. ಯಾವ ದಿನ, ಯಾವ ಉಪಕರಣದಿಂದ, ಯಾವ ಭಾಗಕ್ಕೆ ಏನು ಮಾಡಿದರು ಎಂಬುದನ್ನು ಕೆಲಸ ಮಾಡಿದವರೇ ಬರೆದು ಸಹಿ ಹಾಕಿ ಕೊಡಬೇಕು. ಆ ಮೂರು ಲೋಹದ ಹಾಳೆಗಳಿಗಾಗಿ ಕಾರ್ಯಾಗಾರದ ಡಬ್ಬಗಳನ್ನು, ಕಸದ ಬುಟ್ಟಿಯನ್ನೂ ಸೇರಿಸಿ, ಹುಡುಕಿಸಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಾಜ್ಯದ ಗ್ರಾಹಕ ರಕ್ಷಣಾ ವಿಭಾಗಕ್ಕೆ ದೂರು ಸಲ್ಲಿಸುತ್ತೇನೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದಿದೆ. ಬಂದೂಕು ತಮ್ಮ ಕೈಸೇರಿದ ದಿನ, ಕೆಲಸಕ್ಕೆ ಮುನ್ನ, ತಮ್ಮವರು 24 ಛಾಯಾಚಿತ್ರ ತೆಗೆದಿದ್ದಾರೆಂದು ರಸೀದಿಯಲ್ಲಿದೆ. ನನ್ನ ಬಳಿ ಇರುವುದು ಮೊಬೈಲಿನಲ್ಲಿ ತೆಗೆದ ಎರಡು ಮಸುಕು ಚಿತ್ರ ಮಾತ್ರ. ಎಸ್‌ಎ ಮುದ್ರೆ, ಆ ಡಿ, ಆ ಸೈನಿಕನ ಎರಡು ಅಕ್ಷರ ಸ್ಪಷ್ಟವಾಗಿ ಉಳಿದಿರುವ ಜಾಗ ಇನ್ನು ತಮ್ಮ ಕಂಪ್ಯೂಟರ್ ಒಂದೇ. ಮೂರು ತಿಂಗಳಿಗೊಮ್ಮೆ ಹಳೆಯ ಕಡತಗಳನ್ನು ಅಳಿಸುತ್ತೇವೆ ಎಂದು ತಮ್ಮ ನಿಯಮಗಳ ಹಾಳೆಯಲ್ಲಿ ಓದಿದೆ. ಈ ಪತ್ರ ಓದಿದ ದಿನವೇ ಅವನ್ನು ಅಳಿಸದಂತೆ ತಡೆದು, ಗಾತ್ರ ಕುಗ್ಗಿಸದೆ ನನಗೆ ಕಳುಹಿಸಿಕೊಡಿ.

ಇಂತಿ,
ತಮ್ಮ ಗ್ರಾಹಕ

ಲಗತ್ತು: ಕೆಲಸದ ಚೀಟಿ, ಬಿಲ್, ರಸೀದಿ ಮತ್ತು ಪ್ರಮಾಣಪತ್ರದ ಪ್ರತಿಗಳು; ರಿಯಾಯಿತಿ ಕೂಪನ್