ಕೊಬಾರ್ಗೊ ವಿಡಿಯೋ ಬಗ್ಗೆ ಒಂದ್ ಮಾತು (3 ಜನವರಿ 2020, ಸಿಡ್ನಿ)

ಎಲ್ರಿಗೂ ನಮಸ್ಕಾರ, ನಿನ್ನೆ ಕಾಡ್ಗಿಚ್ಚಿಗೆ ಸಿಕ್ಕ ಕೊಬಾರ್ಗೊ ಅನ್ನೋ ಸಣ್ಣ ಊರಲ್ಲಿ (ನ್ಯೂ ಸೌತ್ ವೇಲ್ಸ್ ರಾಜ್ಯ) ಆಸ್ಟ್ರೇಲಿಯಾ ಪ್ರಧಾನಿ ಸ್ಕಾಟ್ ಮಾರಿಸನ್ ಕೈ ಚಾಚಿದ್ರೂ ಜನ ಕೈ ಕೊಡ್ದೇ ಇರೋ ವಿಡಿಯೋಗೆ ದಯವಿಟ್ಟು ನಗೋ ಇಮೋಜಿ ಹಾಕ್ಬೇಡಿ. ಡಿಸೆಂಬರ್ 31ರ ಬೆಳಗಿನ ಜಾವ ಅಲ್ಲಿ ಮೇನ್ ರೋಡಿನ ಅಂಗಡಿಗಳು ಸುಟ್ಟು ಬರೀ ತಗಡು ಉಳ್ದಿದೆ, ಮನೆ ಉಳಿಸ್ಕೊಳ್ಳೋಕೆ ನಿಂತ ಅಪ್ಪ ಮಗ ಇಬ್ರೂ ಪ್ರಾಣ ಬಿಟ್ರು, ಬೆಂಕಿ ಆರಿಸ್ತಿರೋರು ಬಹುತೇಕ ಸಂಬಳ ಇಲ್ದಿರೋ ವಾಲಂಟಿಯರ್‌ಗಳು, ಡಿಸೆಂಬರ್‌ನಲ್ಲಿ ಕಾಡು ಹತ್ತಿ ಉರೀತಿದ್ದಾಗ ಈ ಮಾರಿಸನ್ ಹವಾಯಿಗೆ ರಜಕ್ಕೆ ಹೋಗಿದ್ರು, ಸಿಟ್ಟು ಬರ್ದೆ ಇನ್ನೇನ್ ಬರತ್ತೆ ಹೇಳಿ. ‘ರಾಜಕೀಯ ಬೇಡ’ ಅನ್ನೋ ನಮ್ ಗ್ರೂಪಿನ ರೂಲ್ ಇದಕ್ಕೆ ತರ್ಬೇಡಿ.

ಬೆಂಕಿಲಿ ಮನೆ ಕಳ್ಕೊಂಡೋರಿಗೆ ಹಳೇ ಬಟ್ಟೆ ಮೂಟೆ ಬೇಡ, ದುಡ್ಡೇ ಕೊಡಿ. ಸೌತ್ ಕೋಸ್ಟ್‌ಗೆ (ಸಿಡ್ನಿಯಿಂದ ದಕ್ಷಿಣದ ಕರಾವಳಿ) ಟೂರ್ ಹೋಗಿರೋರು ಇವತ್ತೇ ಅಲ್ಲಿಂದ ಹೊರಡಿ, ನಾಳೆ ಬಿಸಿಲು ಗಾಳಿ ಎರಡೂ ಜೋರಂತೆ. ನಮ್ಮ ಬಾಲ್ಕನಿಲಿ ಒಣಗಾಕಿದ್ದ ಪಂಚೆ ಮೇಲೂ ಬೂದಿ ಕೂತಿದೆ.