ಬಣ್ಣದ ಚಿತ್ರದ ಜತೆ ಪೆನ್ಸಿಲ್ ಗುರುತನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಧ್ರುವ ಪ್ರದೇಶಕ್ಕೆ ಹೋದ ಕಲಾವಿದರ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ಜತೆಗೆ ಅಚ್ಚಾಗುವುದು ಮುಗಿದ ಬಣ್ಣದ ಚಿತ್ರ. ಹಿಮ, ನೀಲಿ ನೆರಳು, ಕಿತ್ತಳೆ ಆಕಾಶ. ಅದು ಆ ಚಳಿಯಲ್ಲಿ ಹೇಗೆ ಮೂಡಿತು ಎಂಬ ಮಾತೇ ಬರುವುದಿಲ್ಲ. ವಿನ್ಯಾಸ ಕಲಿಯುವವರಿಗೆ ಬೇಕಾದ್ದು ಆ ಬಿಟ್ಟುಹೋದ ಭಾಗ. ಎಡ್ವರ್ಡ್ ವಿಲ್ಸನ್ ಅವರ ಕೆಲಸವನ್ನೇ ನೋಡಿ.

ವಿಲ್ಸನ್ ವೈದ್ಯ, ಪ್ರಾಣಿಶಾಸ್ತ್ರಜ್ಞ, ಚಿತ್ರಕಾರ. ಬ್ರಿಟಿಷ್ ನೌಕಾಧಿಕಾರಿ ರಾಬರ್ಟ್ ಸ್ಕಾಟ್ ನೇತೃತ್ವದ ಎರಡೂ ಅಂಟಾರ್ಕ್ಟಿಕಾ ಯಾನಗಳಲ್ಲಿ (1901–04, 1910–13) ಇದ್ದವರು. ಅಲ್ಲಿ ಬಯಲಲ್ಲಿ ಕುಳಿತು ಜಲವರ್ಣ ಹಚ್ಚುವುದು ಆಗದ ಮಾತು, ಕುಂಚದ ನೀರೇ ಹೆಪ್ಪುಗಟ್ಟುತ್ತದೆ. ನೀರಿಗೆ ಮದ್ಯಸಾರ ಬೆರೆಸಿದರೆ ಹೆಪ್ಪುಗಟ್ಟುವುದು ತಡವಾಗುತ್ತದೆ ನಿಜ, ಆದರೆ ಅದು ಹೆಚ್ಚಾದರೆ ಬಣ್ಣವನ್ನು ಹಿಡಿದಿಡುವ ಅಂಟು ಒಡೆದು ಗರಣೆಯಾಗುತ್ತದೆ. ಸೀಸದ ಕಡ್ಡಿಗೆ ಈ ತೊಂದರೆಯಿಲ್ಲ. ಹಾಗಾಗಿ ವಿಲ್ಸನ್ ದಪ್ಪ ಕೈಗವಸು ಕಳಚಿ, ಬೆರಳು ಮರಗಟ್ಟುವ ಮೊದಲು ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾವ ಜಾಗಕ್ಕೆ ಯಾವ ಬಣ್ಣ ಎಂಬುದನ್ನು ಚಿತ್ರದ ಮೇಲೇ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಬಣ್ಣ ಹಚ್ಚುವುದು ಆಮೇಲೆ, ಸೂರಿನಡಿ, ದೀಪದ ಬೆಳಕಲ್ಲಿ, ಆ ಅಕ್ಷರ ಮತ್ತು ನೆನಪಿನ ಬಲದ ಮೇಲೆ. ನೋಡುವುದು ಒಂದು ಕಡೆ, ಮುಗಿಸುವುದು ಇನ್ನೊಂದು ಕಡೆ. ನಡುವಿನ ಸೇತುವೆ ಆ ಟಿಪ್ಪಣಿ.

ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಕಪ್ಪು ಕನ್ನಡಕದೊಳಗಿಂದ ಹಿಮದ ಬಣ್ಣ ತಿಳಿಯುವುದಿಲ್ಲ, ತೆಗೆದರೆ ಹಿಮದಿಂದ ಪುಟಿಯುವ ಅತಿನೇರಳೆ ಕಿರಣ ಕಣ್ಣಿನ ಪಾರದರ್ಶಕ ಪೊರೆಯನ್ನೇ ಸುಡುತ್ತದೆ. 1902–03ರಲ್ಲಿ ದಕ್ಷಿಣ ಧ್ರುವದ ಕಡೆಗೆ ಹೋದ ಪಯಣದಲ್ಲಿ ಅವರು ಹಿಮಕುರುಡಿನಿಂದ ಪದೇ ಪದೇ ನರಳಿದರು. ಇಂದು ಚಳಿನಾಡಿಗೆ ಹೋಗುವ ಚಿತ್ರಕಾರರು ನೆನಪಿಡಬೇಕಾದ ಇನ್ನೊಂದು ಅಪಾಯ ಹಿಂದಿರುಗುವಾಗಿನದು. ತಣ್ಣಗಿನ ಕಾಗದವನ್ನೋ ಕ್ಯಾಮೆರಾವನ್ನೋ ನೇರವಾಗಿ ಬೆಚ್ಚನೆಯ ಕೋಣೆಗೆ ತಂದರೆ ಗಾಳಿಯ ತೇವವೆಲ್ಲ ಅದರ ಮೇಲೆ ನೀರಾಗಿ ಕೂರುತ್ತದೆ. ಹೊರಗಿರುವಾಗಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಿ ಒಳತಂದು, ವಸ್ತು ಕೋಣೆಯಷ್ಟೇ ಬೆಚ್ಚಗಾಗುವವರೆಗೆ ಚೀಲ ಬಿಚ್ಚಬಾರದು.

ತೇವ ಹಾಳುಮಾಡುವುದು ಕಾಗದವನ್ನಷ್ಟೇ ಅಲ್ಲ. 1911ರ ಜೂನ್ 27ರಂದು ವಿಲ್ಸನ್ ಮತ್ತು ಅದೇ ತಂಡದ ಬೋವರ್ಸ್, ಚೆರ್ರಿ-ಗೆರಾರ್ಡ್ ಮೂವರೂ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಎರಡನೆಯ ಯಾನದ ನೆಲೆಯಾಗಿದ್ದ ಕೇಪ್ ಇವಾನ್ಸ್‌ನಿಂದ ಕೇಪ್ ಕ್ರೋಜಿಯರ್‌ಗೆ ಹೊರಟರು. ಅಲ್ಲಿ ಆಗ ಚಳಿಗಾಲದ ಕತ್ತಲು, ಉಷ್ಣಾಂಶ ಒಮ್ಮೆ ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿಯಿತು. ಬೆವರು, ಉಸಿರಿನ ಆವಿ ಹೊರಹೋಗದೆ ಮಲಗುವ ಚೀಲದ ತುಪ್ಪಳದಲ್ಲೇ ಮಂಜುಗಡ್ಡೆಯಾಯಿತು. ಹೊರಡುವಾಗ 8 ಕೆ.ಜಿ. ಇದ್ದ ಚೆರ್ರಿ-ಗೆರಾರ್ಡ್ ಅವರ ಚೀಲ, ಆಗಸ್ಟ್ 1ಕ್ಕೆ ಮರಳುವ ಹೊತ್ತಿಗೆ 20 ಕೆ.ಜಿ. ದಾಟಿತ್ತು. ಚಳಿಗೆ ಹೊದಿಕೆ ದಪ್ಪ ಮಾಡಿದರೆ ಸಾಕು ಎನ್ನುವವರು ಈ ಎರಡು ಅಂಕಿಗಳನ್ನು ನೋಡಬೇಕು. ಆವಿ ಹೋಗಲು ದಾರಿ ಕೊಡದಿದ್ದರೆ ದಪ್ಪ ಹೊದಿಕೆಯೇ ಹೊರೆಯಾಗುತ್ತದೆ.

ಕೇಪ್ ಕ್ರೋಜಿಯರ್‌ನಲ್ಲಿ ಆ ಮೂವರು ಕಟ್ಟಿದ ಕಲ್ಲಿನ ಗುಡಿಸಲು ಕಟ್ಟಡ ವಿನ್ಯಾಸದವರಿಗೆ ಇನ್ನೂ ದೊಡ್ಡ ಪಾಠ. ಗಾಳಿಮರೆಯಾಗಲೆಂದು ದಿಬ್ಬದ ನೆತ್ತಿಗಿಂತ ಸ್ವಲ್ಪ ಕೆಳಗೆ ಕಟ್ಟಿದರು. ಸ್ಲೆಡ್ಜ್ (ಹಿಮದ ಮೇಲೆ ಎಳೆಯುವ ಜಾರುಬಂಡಿ) ಒಂದನ್ನೇ ಅಡ್ಡತೊಲೆಯಾಗಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ, ಅದರ ಮೇಲೆ ಹಿಮದ ಗಟ್ಟಿಗಳನ್ನು ಹೇರಿದರು. ಆದರೆ ದಿಬ್ಬ ದಾಟಿ ಬರುವ ಬಿರುಗಾಳಿ ಅದರ ಮರೆಯಲ್ಲಿ ಒತ್ತಡ ತಗ್ಗಿಸಿ ಹೊದಿಕೆಯನ್ನು ಮೇಲಕ್ಕೆ ಹೀರಿತು. ಹೇರಿದ ಹಿಮ ಉಳಿಯಲಿಲ್ಲ, ಕ್ಯಾನ್ವಾಸ್ ಬಡಿದು ಬಡಿದು ಚಿಂದಿಯಾಯಿತು. ಅದಕ್ಕೂ ಮೊದಲೇ ಹಾರಿಹೋಗಿದ್ದ ಡೇರೆ ಇಳಿಜಾರಿನ ಕೆಳಗೆ ಸಿಕ್ಕಿದ್ದರಿಂದ ಮೂವರೂ ಬದುಕಿದರು. ಚಾವಣಿ ಎಂದರೆ ಮೇಲಿನ ಭಾರವನ್ನಷ್ಟೇ ಲೆಕ್ಕ ಹಾಕುವ ಅಭ್ಯಾಸ ಇಂದಿಗೂ ಹೋಗಿಲ್ಲ. ಅಂಚನ್ನು ಕೆಳಕ್ಕೆ ಬಿಗಿಯುವ ಕಟ್ಟೂ ಅಷ್ಟೇ ಮುಖ್ಯ.

ಇನ್ನು ಕೂಡಿ ಬಾಳುವ ಮಾತು. ಕೇಪ್ ಇವಾನ್ಸ್‌ನ ಮರದ ಮನೆ ಸುಮಾರು 15 ಮೀಟರ್ ಉದ್ದ, 7.6 ಮೀಟರ್ ಅಗಲ, ಇದ್ದವರು 25 ಮಂದಿ. ಗೋಣಿಬಟ್ಟೆಯಲ್ಲಿ ಕಡಲಪಾಚಿ ತುಂಬಿ ಹೊಲಿದ ಪದರವನ್ನು ಗೋಡೆಯ ಹಲಗೆಗಳ ನಡುವೆ ಕೂರಿಸಿದ್ದರು, ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಸಾಮಾನಿನ ಪೆಟ್ಟಿಗೆಗಳನ್ನು ಅಡ್ಡಗೋಡೆಯಂತೆ ಪೇರಿಸಿ 16 ಅಧಿಕಾರಿ, ವಿಜ್ಞಾನಿಗಳನ್ನು ಒಂದು ಕಡೆ, 9 ನಾವಿಕರನ್ನು ಇನ್ನೊಂದು ಕಡೆ ಇಟ್ಟರು. ಒಂದೇ ಸೂರು, ಎರಡು ಪಂಕ್ತಿ. ಅದಕ್ಕೂ ಮೊದಲೇ, 1893–96ರಲ್ಲಿ, ನಾರ್ವೆಯ ಧ್ರುವಯಾತ್ರಿ ನಾನ್ಸೆನ್ ಅವರ ಫ್ರಾಮ್ ಹಡಗಿನಲ್ಲಿ 13 ಮಂದಿಯೂ ಒಂದೇ ಮೇಜಿನಲ್ಲಿ ಉಂಡಿದ್ದರು. ನಮಗೆ ಫ್ರಾಮ್‌ನ ಏರ್ಪಾಡೇ ಮೇಲು. ಆದರೂ ಕೇಪ್ ಇವಾನ್ಸ್‌ನಲ್ಲಿ ಸಂಜೆಯ ಉಪನ್ಯಾಸಗಳು ನಡೆದವು, ಒಂದೇ ಪ್ರತಿಯ ಪತ್ರಿಕೆ ಹೊರಟಿತು, ಅದಕ್ಕೆ ಚಿತ್ರ ಬರೆದವರು ವಿಲ್ಸನ್.

ಈ ಹಳೆಯ ಪ್ರಶ್ನೆಗಳಿಗೆ ಅಂಟಾರ್ಕ್ಟಿಕಾದಲ್ಲಿರುವ ಬ್ರಿಟನ್ನಿನ ಹ್ಯಾಲಿ 6 ಸಂಶೋಧನಾ ನೆಲೆ ಕೊಟ್ಟ ಉತ್ತರ ಗಮನಾರ್ಹ. ಹಿಂದಿನ ಹ್ಯಾಲಿ ನೆಲೆಗಳಲ್ಲಿ ಮೊದಲ ನಾಲ್ಕೂ ಹಿಮದಡಿ ಹೂತು ನಜ್ಜುಗುಜ್ಜಾದವು. ಹಾಗಾಗಿ ಆರನೆಯದನ್ನು ಎಂಟು ಬಿಡಿ ಘಟಕಗಳಾಗಿ, ಎತ್ತರಿಸಬಲ್ಲ ಕಾಲುಗಳ ಮೇಲೆ, ಕಾಲಿನಡಿ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿ ಇಟ್ಟು ಕಟ್ಟಿದರು. ನೆಲೆ ನಿಂತ ಬ್ರಂಟ್ ಹಿಮಚಾಚಿನಲ್ಲಿ (ಕಡಲ ಮೇಲೆ ತೇಲುವ ಹಿಮದ ಹಾಸು) ಬಿರುಕು ಬೆಳೆದಾಗ 2016–17ರಲ್ಲಿ ಘಟಕಗಳನ್ನು ಬಿಡಿಸಿ, ಟ್ರ್ಯಾಕ್ಟರುಗಳಿಂದ 23 ಕಿ.ಮೀ. ಎಳೆದೊಯ್ದು ಮತ್ತೆ ಜೋಡಿಸಿದರು. ಏಳು ಘಟಕ ನೀಲಿ, ನಡುವಿನ ದೊಡ್ಡದೊಂದೇ ಕೆಂಪು. ಎಲ್ಲರೂ ಕೂಡಿ ಉಣ್ಣುವ, ಹರಟುವ ಜಾಗ ಆ ಕೆಂಪಿನದೇ.

ಕೊನೆಗೊಂದು ಕೋರಿಕೆ. ವಿಲ್ಸನ್ ಅವರ ಚಿತ್ರಗಳ ದೊಡ್ಡ ಸಂಗ್ರಹ ಕೇಂಬ್ರಿಜ್‌ನ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆಯಲ್ಲಿದೆ. ಮುಂದೆ ಇಂಥ ಬರಹ ಪ್ರಕಟಿಸುವಾಗ ಅನುಮತಿ ಪಡೆದು, ಬಣ್ಣದ ಚಿತ್ರದ ಪಕ್ಕದಲ್ಲಿ ಪೆನ್ಸಿಲ್ ಕರಡನ್ನೂ ಅಷ್ಟೇ ಅಗಲಕ್ಕೆ ಹಾಕಿ. ಬಣ್ಣದ ಹೆಸರು ಬರೆದ ಅಕ್ಷರಗಳು ಓದಲು ಬರುವಷ್ಟು ದೊಡ್ಡದಾಗಿರಲಿ, ಅಡಿಯಲ್ಲಿ ಅವುಗಳ ಕನ್ನಡವೂ ಇರಲಿ.

ಇತಿ,
ಚಿತ್ರಕಲೆ ಮತ್ತು ಕಟ್ಟಡ ವಿನ್ಯಾಸ ಕಲಿಸುವ ಕೆಲವು ಓದುಗರು