ಸಕುರಾಜಿಮಾ ಕಿರುಚಿತ್ರ: ಭಾನುವಾರ ಸೇರೋಣ

ಗೆಳೆಯರೇ, ಜಪಾನಿನ ಸಕುರಾಜಿಮಾ ಜ್ವಾಲಾಮುಖಿ ಬಗ್ಗೆ ನಾವು ಮಾಡಿದ ಕಿರುಚಿತ್ರದ ಮೊದಲ ಎಡಿಟ್ ಮುಗಿದಿದೆ. ಮೈಸೂರಿನಲ್ಲಿರುವವರೆಲ್ಲ ಭಾನುವಾರ ಸಂಜೆ 5ಕ್ಕೆ ಸರಸ್ವತಿಪುರಂ ಮಹಡಿ ರೂಮಿಗೆ ಬನ್ನಿ.

ಬೆಂಕಿ ಉಗುಳುವ ಶಾಟ್ ಜಾಸ್ತಿ ಇಲ್ಲ, ಬೇಕಂತಲೇ ಬಿಟ್ಟಿದ್ದೇವೆ. 1914ರ ಲಾವಾ ಅಲ್ಲಿಯವರೆಗೆ ದ್ವೀಪವಾಗಿದ್ದ ಸಕುರಾಜಿಮಾವನ್ನೇ ಪಕ್ಕದ ನೆಲಕ್ಕೆ ಸೇರಿಸಿಬಿಟ್ಟಿತು, ಅದು ಒಂದೇ ಸಾಲಲ್ಲಿ ಬರುತ್ತದೆ. ಉಳಿದದ್ದೆಲ್ಲ ದಿನದ ಬದುಕು: ಹೆಲ್ಮೆಟ್ ಹಾಕಿ ಶಾಲೆಗೆ ಹೋಗುವ ಮಕ್ಕಳು, ಬೂದಿಗೆ ಕೊಡೆ ಬಿಚ್ಚುವವರು, ಬಾಗಿಲ ಮುಂದಿನ ಬೂದಿ ಗುಡಿಸಿ ನಗರಾಡಳಿತ ಕೊಟ್ಟ ಹಳದಿ ಚೀಲಕ್ಕೆ ತುಂಬುವ ಅಜ್ಜ. ಅದೇ ಮಣ್ಣಲ್ಲಿ ತಲೆಗಿಂತ ದಪ್ಪ ಮೂಲಂಗಿ ಬೆಳೆಯುತ್ತೆ, ಗೊತ್ತಾ!

ಸಂಗೀತ ಬೇಡ, ಪೊರಕೆ ಸದ್ದೇ ಸಾಕು ಅಂತ ನನ್ನ ಅಭಿಪ್ರಾಯ. ಜಗಳ ಇದ್ದರೆ ಅಲ್ಲೇ ಆಡೋಣ, ಇಲ್ಲಿ ಬೇಡ. ನಿರೂಪಣೆಗೆ ಒಂದು ದನಿ ಬೇಕು, ಮಂಡ್ಯ ಕಡೆಯದಾದರೆ ಇನ್ನೂ ಒಳ್ಳೆಯದು. ಸ್ಪೀಕರ್ ಇರುವವರು ತನ್ನಿ.